ಮಸಿಯಣ್ಣ ಅಕ್ಕನನ್ನು ವಿಮಾನ ಹತ್ತಿಸಿದ್ದು

ವಿಮಾನ ನಿಲ್ದಾಣದ ಸರಕು ಗೇಟಿನ ಆಚೆ, ಲಾರಿಗಳು ತಿರುಗಿಕೊಳ್ಳುವ ರಸ್ತೆಯ ಕೊನೆಯಲ್ಲಿ, ತಗಡಿನ ಉದ್ದನೆಯ ಶೆಡ್ಡೊಂದಿದೆ. ಹೊರಗಿನಿಂದ ನೋಡಿದರೆ ಹಳೆ ಕಬ್ಬಿಣದ ಗೋದಾಮು ಅನ್ನಬೇಕು. ಒಳಗೆ ಹೋದರೆ ಗೋಡೆಯಿಂದ ಗೋಡೆಗೆ ಗಾಜಿನ ತೊಟ್ಟಿಗಳು, ಮಂದ ಬೆಳಕು, ಹಗಲಿಡೀ ನಿಲ್ಲದ ಗುಳುಗುಳು ಸದ್ದು. ಅಂಗೈಯಗಲದ ಹಳದಿ ಮೀನುಗಳು, ಬೆರಳುದ್ದದ ನೀಲಿ ಮೀನುಗಳು, ಕೆಂಪು ಪಟ್ಟೆಯ ಸೀಗಡಿಗಳು, ಎಲ್ಲವೂ ಹೊರಟು ನಿಂತಂಥವು. ಒಂದಿಷ್ಟು ದೊಡ್ಡ ಹೋಟೆಲುಗಳಿಗೆ, ಒಂದಿಷ್ಟು ಹಲ್ಲಿನ ಡಾಕ್ಟರರ ಮುಂಗೋಣೆಗಳಿಗೆ, ಇನ್ನೊಂದಿಷ್ಟು ಮಕ್ಕಳು ಗಾಜಿಗೆ ಮೂಗು ಒತ್ತಿ ನೋಡುವ ಪ್ರದರ್ಶನಾಲಯಗಳಿಗೆ. ವಿಮಾನದಲ್ಲಿ ಹೋಗಬೇಕೆಂದು ಇವು ಯಾರ ಹತ್ತಿರವೂ ಹಟ ಹಿಡಿದವಲ್ಲ.

ಹೊರಡುವ ಮುಂಚೆ ಅವಕ್ಕೆ ಉಪವಾಸ. ತಿಂದು ಹೊರಟರೆ ದಾರಿಯಲ್ಲಿ ತಮ್ಮ ನೀರನ್ನು ತಾವೇ ಕೆಡಿಸಿಕೊಳ್ಳುತ್ತವೆ. ಆಮೇಲೆ ಚೀಲದೊಳಗೊಂದು ಚೀಲ. ಮೂಲೆಯಲ್ಲಿ ಮೀನು ಸಿಕ್ಕಿಕೊಳ್ಳದ ಹಾಗೆ ಚೀಲದ ತುದಿಗಳಿಗೆ ಗಂಟು. ಸ್ವಲ್ಪವೇ ನೀರು, ಉಳಿದದ್ದೆಲ್ಲ ಸಿಲಿಂಡರಿನ ಆಕ್ಸಿಜನ್. ಚೀಲದ ಕತ್ತು ತಿರುಚಿ, ರಬ್ಬರ್ ಬ್ಯಾಂಡ್ ಬಿಗಿದು, ಥರ್ಮಕೋಲ್ ಪೆಟ್ಟಿಗೆಯಲ್ಲಿ ಕೂರಿಸಿ ಮುಚ್ಚಿದರೆ ಕತ್ತಲಲ್ಲಿ ಎಲ್ಲವೂ ತೆಪ್ಪಗಾಗುತ್ತವೆ. ಈ ಕೆಲಸವನ್ನು ಶೆಡ್ಡಿನಲ್ಲಿ ಯಾರು ಬೇಕಾದರೂ ಮಾಡುತ್ತಾರೆ. ಯಾರು ಬೇಕಾದರೂ ಮಾಡಲಾಗದ ಕೆಲಸ ಒಂದೇ ಒಂದು. ಅದು ಮಸಿಯಣ್ಣನದು.

ಆಕ್ಟೋಪಸ್ಸಿಗೆ ಹೆದರಿಕೆಯಾದರೂ ಸಿಟ್ಟು ಬಂದರೂ ಒಂದೇ ಉತ್ತರ: ಮೈಯೊಳಗಿನ ಚೀಲದಿಂದ ಕಪ್ಪು ಮಸಿ ಕಾರುತ್ತದೆ. ಸಮುದ್ರದಲ್ಲಾದರೆ ಆ ಕಪ್ಪಿನ ಮರೆಯಲ್ಲಿ ತಪ್ಪಿಸಿಕೊಂಡು ಹೋಗಬಹುದು. ಕಟ್ಟಿದ ಚೀಲದಲ್ಲಿ ಹೋಗುವುದೆಲ್ಲಿಗೆ? ತನ್ನ ಮಸಿಯೇ ತನ್ನ ಕಿವಿರಿಗೆ ಮೆತ್ತಿಕೊಂಡು, ತಲುಪುವಷ್ಟರಲ್ಲಿ ಉಸಿರು ನಿಂತಿರುತ್ತದೆ. ಆದ್ದರಿಂದ ಕಟ್ಟುವ ಮೊದಲೇ ಅದರ ಮಸಿ ತೆಗೆಸಬೇಕು. ಮಸಿಯಣ್ಣ ಅದನ್ನು ಬಿಳಿಯ ಬೋಗುಣಿಗೆ ಬಿಟ್ಟು, ಮರದ ಸೌಟಿನ ಹಿಡಿಯಿಂದ ಮೆಲ್ಲಗೆ ಕೆಣಕುತ್ತಿದ್ದ. ನೋಯಿಸುವಂತಿಲ್ಲ, ರೇಗಿಸಬೇಕು ಅಷ್ಟೇ. ಅದು ಕೆಂಪಾಗುವುದು, ಬಿಳಿಚಿಕೊಳ್ಳುವುದು, ಕೊನೆಗೆ ಬುಸ್ಸೆಂದು ಬೋಗುಣಿಯನ್ನೆಲ್ಲ ಕಪ್ಪು ಮಾಡುವುದು. ನೀರು ಬದಲಿಸಿ ಮತ್ತೆ ಕೆಣಕುವುದು. ಮಸಿ ಊದುಬತ್ತಿಯ ಹೊಗೆಯಷ್ಟು ತೆಳ್ಳಗಾಗುವ ತನಕ ಇದು ನಡೆಯುತ್ತಿತ್ತು. ಆಮೇಲೆ ಅವನು ತಾಯಿ ಮಗುವಿಗೆ ಹೇಳುವ ಹಾಗೆ ಹೇಳುತ್ತಿದ್ದ: "ಆಯ್ತಮ್ಮ. ಈಗ ಹಗುರ. ಹೋಗಿ ಬಾ."

ಇಷ್ಟಕ್ಕೇ ನಿಂತಿದ್ದರೆ ಅವನ ಬದುಕು ನೆಟ್ಟಗಿರುತ್ತಿತ್ತು. ಆದರೆ ಒಂದೇ ಕೆಲಸವನ್ನು ಬಹುಕಾಲ ಚೆನ್ನಾಗಿ ಮಾಡಿದವರಿಗೆ ಲೋಕವೆಲ್ಲ ಅದೇ ಕೆಲಸದಂತೆ ಕಾಣತೊಡಗುತ್ತದೆ. ಹೊರಟು ನಿಂತ ಯಾರೂ ಒಳಗೆ ಸಿಟ್ಟು ಇಟ್ಟುಕೊಂಡು ಹೋಗಬಾರದು ಎಂಬುದು ಮಸಿಯಣ್ಣನ ಸಿದ್ಧಾಂತವಾಯಿತು. ಪಕ್ಕದ ಮನೆಯ ಹುಡುಗಿ ಹಾಸ್ಟೆಲಿಗೆ ಹೊರಟ ದಿನ ಅವಳ ಲೆಕ್ಕದ ಅಂಕಗಳ ಮಾತೆತ್ತಿ, ಅವಳು ಕಿರುಚಿ ಅತ್ತು ಬಾಗಿಲು ಬಡಿದ ಮೇಲೆ, ಪರಮ ತೃಪ್ತಿಯಿಂದ ಅವಳ ಟ್ರಂಕು ಹೊತ್ತ. ಶೆಡ್ಡಿನ ಕಾವಲುಗಾರ ರಜೆಗೆ ಹೊರಟಾಗ ಅವನ ಮೀಸೆಯನ್ನು ಸೀಗಡಿಗೆ ಹೋಲಿಸಿ, ರಜೆ ಮುಗಿಸಿ ಬಂದವನಿಂದ ತಿಂಗಳುಗಟ್ಟಲೆ ಮಾತು ಬಿಡಿಸಿಕೊಂಡ. ತನಗೇ ಮದುವೆಗೆ ಗೊತ್ತಾಗಿದ್ದ ಹುಡುಗಿಯನ್ನು ಒಮ್ಮೆ ಕಾಫಿಗೆ ಕರೆದು, ನಮ್ಮ ಮನೆಗೆ ಬರುವ ಮುಂಚೆ ಇವಳೊಳಗಿನದೆಲ್ಲ ಹೊರಗೆ ಬರಲಿ ಎಂದು ಶುದ್ಧ ಮನಸ್ಸಿನಿಂದ ಕೆಣಕಿದ. ಬಂತು. ಲೋಟದ ಸಮೇತ ಬಂತು. ಆಮೇಲೆ ಆ ಮದುವೆಯ ಮಾತನ್ನು ಯಾರೂ ಎತ್ತಲಿಲ್ಲ.

ಹಾಗಾಗಿ ಮನೆಯಲ್ಲಿ ಉಳಿದದ್ದು ಅವನು ಮತ್ತು ಅವನ ಅಕ್ಕ.

ಅಕ್ಕ ದರ್ಜಿ. ರಸ್ತೆಗೆ ತೆರೆದುಕೊಂಡ ಮುಂದಿನ ಕೋಣೆಯಲ್ಲಿ ಅವಳ ತುಳಿಯುವ ಮಷೀನು, ಹಿಂದಿನ ಕೋಣೆಯಲ್ಲಿ ಅಡುಗೆ, ಅಟ್ಟದಿಂದ ಮಂಚದಡಿಯವರೆಗೆ ಮಸಿಯಣ್ಣ ಶೆಡ್ಡಿನಿಂದ ಹೊತ್ತು ತರುವ ಅಂಚು ಮುರಿದ ಥರ್ಮಕೋಲ್ ಪೆಟ್ಟಿಗೆಗಳು. ತಂದೆತಾಯಿ ಬೇಗ ಹೋದ ಮೇಲೆ ಅವನನ್ನು ಸಾಕಿದವಳು ಅವಳೇ. ಇವನ ತಲೆ ನರೆತ ಮೇಲೂ ಅವಳ ಬಾಯಲ್ಲಿ ಇವನು 'ಪುಟ್ಟ'. ಮಾತು ಕಡಿಮೆ. ಹಲ್ಲಲ್ಲಿ ಸದಾ ಗುಂಡುಸೂಜಿ ಕಚ್ಚಿಕೊಂಡಿರುವವರು ಹೆಚ್ಚು ಮಾತಾಡುವಂತೆಯೂ ಇಲ್ಲ.

ಆ ಅಕ್ಕ, ತಲೆಗೂದಲು ಬಣ್ಣ ಹಚ್ಚಿದರೂ ಕೇಳದ ವಯಸ್ಸಿನಲ್ಲಿ, ಮದುವೆಯಾಗುತ್ತೇನೆ ಅಂದಳು.

ವರ ಒಬ್ಬ ಕಾಂಪೌಂಡರ್. ಹೆಂಡತಿ ತೀರಿಕೊಂಡು ಬಹಳ ಕಾಲವಾಗಿತ್ತು. ಆಸ್ಪತ್ರೆಯ ಕೆಲಸದಿಂದ ನಿವೃತ್ತನಾದವನು ಪ್ಯಾಂಟಿನ ಸೊಂಟ ಸಡಿಲ ಮಾಡಿಸಲೆಂದು ಬಂದ. ಮುಂದಿನ ವಾರ ಬಿಗಿ ಮಾಡಿಸಲು ಬಂದ. ಮತ್ತೆ ಸಡಿಲ. ಒಬ್ಬ ಮನುಷ್ಯನ ಹೊಟ್ಟೆ ವಾರವಾರಕ್ಕೆ ಹೀಗೆ ಉಬ್ಬಿಳಿಯುವುದು ಸಾಧ್ಯವಿಲ್ಲವೆಂದು ಬೀದಿಗೆಲ್ಲ ಗೊತ್ತಾಯಿತು. ಮಸಿಯಣ್ಣನಿಗೆ ಮಾತ್ರ ಗೊತ್ತಾಗಲಿಲ್ಲ. ಅವನು "ಏನಾದರೂ ಕಾಯಿಲೆ ಇರಬೇಕು ಪಾಪ" ಅಂದುಕೊಂಡಿದ್ದ.

ಕಾಂಪೌಂಡರ್ ಈಗ ಸಮುದ್ರದಾಚೆಯ ದ್ವೀಪವೊಂದರಲ್ಲಿ ಸಣ್ಣ ಔಷಧಿ ಅಂಗಡಿ ಇಡುವವನಿದ್ದ. ಅಲ್ಲಿಗೆ ವಿಮಾನವೇ ದಾರಿ. ಸರ್ಕಾರಿ ಕಚೇರಿಯಲ್ಲಿ ಇಬ್ಬರೂ ಸಹಿ ಹಾಕುವುದು, ಅದೇ ದಿನ ಸಂಜೆಯ ವಿಮಾನದಲ್ಲಿ ಹೊರಡುವುದು ಎಂದು ನಿಶ್ಚಯವಾಯಿತು.

ಸುದ್ದಿ ಕೇಳಿ ಮಸಿಯಣ್ಣ ಸಂತೋಷಪಟ್ಟ. ಹಾಗಂತ ಅವನೇ ಎಲ್ಲರಿಗೂ ಹೇಳಿದ. ಆದರೆ ಅವನಿಗೆ ಒಂದೇ ಚಿಂತೆ. ಅಕ್ಕನಿಗೆ ಒಳಗೆ ಸಿಟ್ಟಿರಲೇಬೇಕು. ಇಡೀ ಪ್ರಾಯವನ್ನು ತಮ್ಮನಿಗೆ ಬೇಯಿಸಿಹಾಕುತ್ತ, ಊರವರ ಬಟ್ಟೆ ಹೊಲಿಯುತ್ತ ಕಳೆದವಳಿಗೆ ಸಿಟ್ಟಿರದೆ ಇದ್ದೀತೆ? ಅವಳು ಅದನ್ನು ಕಟ್ಟಿಕೊಂಡೇ ಹೋದರೆ? ಗುರುತಿಲ್ಲದ ಜಾಗ, ಹೊಸ ಗಂಡ, ಇಬ್ಬರೇ ಇರುವ ಚಿಕ್ಕ ಮನೆ. ಅಲ್ಲಿ ಒಂದು ದಿನ ಅದು ಹೊರಬಂದರೆ ಅಕ್ಕ ಉಸಿರು ಕಟ್ಟಿ ಸಾಯುತ್ತಾಳೆ. ಅವಳನ್ನು ಖಾಲಿ ಮಾಡಿಸಿಯೇ ಕಳಿಸಬೇಕು. ಅದು ತಮ್ಮನಾಗಿ ತನ್ನ ಕರ್ತವ್ಯ.

ಕೆಣಕಲು ಶುರು ಮಾಡಿದ.

"ಅಲ್ಲಕ್ಕ, ನಿನ್ನ ಕಾಂಪೌಂಡರ್ ತಲೆ ನೋಡಿದೀಯಾ? ಒಂದು ಕೂದಲಿಲ್ಲ. ಬಿಸಿಲಲ್ಲಿ ಪಕ್ಕ ನಿಂತರೆ ಕಣ್ಣು ಕುಕ್ಕುತ್ತೆ."

ಅಕ್ಕ ಸೂಜಿಗೆ ದಾರ ಪೋಣಿಸುತ್ತಲೇ ಹೇಳಿದಳು. "ಒಳ್ಳೇದಾಯ್ತು ಬಿಡೋ. ಕರೆಂಟು ಹೋದಾಗ ಬೇಕಾಗುತ್ತೆ."

ಇನ್ನೊಂದು ದಿನ ಅವಳು ಮಾಡಿದ ಟೀ ಬಾಯಿಗಿಟ್ಟು ಮುಖ ಕಿವುಚಿದ. "ಇದೇನಕ್ಕ ಇದು, ಸ್ನಾನದ ನೀರಾ?" ಅವಳು ಅವನ ಲೋಟವನ್ನೂ ತೆಗೆದುಕೊಂಡು ಕುಡಿದು, "ನನಗೆ ಸರಿಯಾಗಿದೆಯಪ್ಪ" ಎಂದು ಲೋಟ ತೊಳೆದಿಟ್ಟಳು.

ಕೊನೆಗೆ ಅವನು ಮಾಡಬಾರದ್ದನ್ನೇ ಮಾಡಿದ. ದರ್ಜಿಗಳ ಬಟ್ಟೆ ಕತ್ತರಿಸುವ ಕತ್ತರಿಯಲ್ಲಿ ಬೇರೇನನ್ನೂ ಕತ್ತರಿಸಬಾರದು, ಕಾಗದವನ್ನು ಕೂಡ. ಬಾಯಿ ಮೊಂಡಾಗಿಬಿಡುತ್ತದೆ. ಚಿಕ್ಕಂದಿನಲ್ಲಿ ಗಾಳಿಪಟ ಕತ್ತರಿಸಲು ಆ ಕತ್ತರಿ ಮುಟ್ಟಿ ಅವನು ತಿಂದ ಪೆಟ್ಟು ಇನ್ನೂ ನೆನಪಿತ್ತು. ಸಹಿ ಹಾಕುವ ದಿನ ನಾಳೆ ಎನ್ನುವಾಗ, ಅವಳ ಕಣ್ಣೆದುರೇ ಆ ಕತ್ತರಿ ಎತ್ತಿಕೊಂಡು ಥರ್ಮಕೋಲ್ ಪೆಟ್ಟಿಗೆಯ ಅಂಚನ್ನು ಕರಕರ ಕತ್ತರಿಸತೊಡಗಿದ. ಬಿಳಿ ಪುಡಿ ನೆಲದ ತುಂಬ ಹಾರಿತು. ಅಕ್ಕ ಮಷೀನು ನಿಲ್ಲಿಸಿದಳು. ಅವನು ಉಸಿರು ಬಿಗಿಹಿಡಿದು ಕಾದ.

"ಇಟ್ಟುಕೋ ಪುಟ್ಟ" ಅಂದಳು. "ಮನೇಲಿ ಒಂದು ಕತ್ತರಿ ಬೇಕಾಗುತ್ತೆ ನಿನಗೆ. ನಾನು ಅಲ್ಲಿ ಹೊಸದು ತಗೋತೀನಿ."

ಮಷೀನು ಮತ್ತೆ ಓಡಿತು. ಮಸಿಯಣ್ಣ ಕೈಯಲ್ಲಿದ್ದ ಕತ್ತರಿಯನ್ನು ಏನು ಮಾಡಬೇಕೆಂದು ತಿಳಿಯದೆ ಹಿಡಿದುಕೊಂಡು ಕೂತ. ಆಮೇಲೆ ನೆಲದ ಮೇಲಿನ ಬಿಳಿ ಪುಡಿಯನ್ನು ತಾನೇ ಗುಡಿಸಿದ.

ಮರುದಿನ ಅವನು ಕಚೇರಿಗೆ ಹೋಗಲಿಲ್ಲ. "ಶೆಡ್ಡಲ್ಲಿ ಕೆಲಸ ಇದೆ. ಆಕ್ಟೋಪಸ್ ಹೋಗೋದಿದೆ. ನಾನಿಲ್ಲದೆ ಆಗಲ್ಲ" ಅಂದ. ಅದು ನಿಜವೇ. ದ್ವೀಪದ ಪ್ರದರ್ಶನಾಲಯಕ್ಕೆ ಒಂದು ಆಕ್ಟೋಪಸ್ ಹೋಗಬೇಕಿತ್ತು, ಅದೂ ಅಕ್ಕ ಹೋಗುವ ವಿಮಾನದಲ್ಲೇ. ಒಂದು ನಿಜವನ್ನು ಇನ್ನೊಂದರ ಮೇಲೆ ಮುಚ್ಚಳದ ಹಾಗೆ ಇಡುವುದು ಅವನಿಗೆ ಅಭ್ಯಾಸವಿರಲಿಲ್ಲ. ಆದರೆ ಆ ದಿನ ಸರಿಯಾಗಿ ಕೂತಿತು.

ಶೆಡ್ಡಿನಲ್ಲಿ ಅವನ ಎದುರು ಮೇಜಿನಲ್ಲಿ ಕೂತು ಚೀಲದ ಕತ್ತಿಗೆ ರಬ್ಬರ್ ಬಿಗಿಯುವವಳು ರಬ್ಬರಕ್ಕ. ಬೆರಳಿನಷ್ಟೇ ಚುರುಕು ನಾಲಿಗೆಯವಳು.

"ಸಾಕು ಮಾಡಣ್ಣ" ಅಂದಳು. "ಎಷ್ಟು ಹೊತ್ತಿಂದ ತಿವೀತಿದೀಯ. ಒಂದು ಹನಿ ಮಸಿ ಬಂದಿಲ್ಲ. ಕಟ್ಟೋಣ ಕೊಡು."

ಬೋಗುಣಿಯಲ್ಲಿ ಆಕ್ಟೋಪಸ್ ಕಂದುಬಣ್ಣದ ಒದ್ದೆ ಕರವಸ್ತ್ರದ ಹಾಗೆ ಬಿದ್ದುಕೊಂಡಿತ್ತು. ಕೆಂಪಾಗಲಿಲ್ಲ, ಬಿಳಿಚಲಿಲ್ಲ. ಸೌಟಿನ ಹಿಡಿ ಹತ್ತಿರ ಬಂದರೆ ಒಂದು ತೋಳು ಚಾಚಿ ಅದನ್ನು ಮೃದುವಾಗಿ ಹಿಡಿದುಕೊಳ್ಳುತ್ತಿತ್ತು. ಬಿಡಿಸಿದರೆ ಅವನ ಮಣಿಕಟ್ಟನ್ನು ಹಿಡಿದುಕೊಳ್ಳುತ್ತಿತ್ತು.

"ಬಂದಿಲ್ಲ ಅಂದ್ರೆ ಒಳಗಿದೆ ಅಂತ" ಎಂದ ಮಸಿಯಣ್ಣ. "ಇಷ್ಟು ಸಾಧುವಾಗಿದ್ದರೆ ನಂಬಬಾರದು. ಇಂಥವೇ ದಾರೀಲಿ ಕಾರೋದು."

"ಒಳಗಿಲ್ಲದೇನೂ ಇರಬಹುದಲ್ವಾ?"

"ಇರುತ್ತೆ ರಬ್ಬರಕ್ಕ. ಎಲ್ಲರಿಗೂ ಇರುತ್ತೆ."

"ನನಗಂತೂ ಇದೆಯಪ್ಪ. ಟೆಂಪೊದವನು ಹಾರ್ನ್ ಹೊಡೀತಿದಾನೆ, ನನ್ನ ಊಟ ಆಗಿಲ್ಲ. ಬೇಕಾದ್ರೆ ನನ್ನನ್ನೇ ಬೋಗುಣೀಲಿ ಬಿಡು. ಒಂದೇ ಸಲಕ್ಕೆ ತುಂಬಿಸ್ತೀನಿ."

ಅಷ್ಟರಲ್ಲಿ ಬಾಗಿಲ ಬಳಿ ನೆರಳು ಬಿತ್ತು. ಅಕ್ಕ. ಈ ಶೆಡ್ಡಿಗೆ ಅವಳು ಒಮ್ಮೆಯೂ ಬಂದವಳಲ್ಲ. ತಾನೇ ಹೊಲಿದುಕೊಂಡ ನೀಲಿ ಕೋಟು ತೊಟ್ಟು, ಒದ್ದೆ ನೆಲಕ್ಕೆ ಚಪ್ಪಲಿ ಜಾರದ ಹಾಗೆ ಒಂದೊಂದೇ ಹೆಜ್ಜೆ ಇಡುತ್ತ ಬಂದಳು. ಹಿಂದೆ ಎರಡೂ ಕೈಯಲ್ಲಿ ಸೂಟ್‌ಕೇಸು ಹಿಡಿದ ಕಾಂಪೌಂಡರ್. ಪ್ಯಾಂಟು ಈಗ ಸೊಂಟಕ್ಕೆ ಸರಿಯಾಗಿ ಕೂತಿತ್ತು.

"ಸಹಿ ಆಯ್ತು" ಅಂದಳು ಅಕ್ಕ. "ನೀನು ಬರಲಿಲ್ಲ. ಅದಕ್ಕೆ ನಾವೇ ಬಂದ್ವಿ, ಹೇಳಿ ಹೋಗೋಣ ಅಂತ."

"ನಮಸ್ಕಾರ" ಎಂದ ಕಾಂಪೌಂಡರ್, ಸೂಟ್‌ಕೇಸಿನ ಸಮೇತ ಕೈ ಎತ್ತಲು ನೋಡಿ.

ಮಸಿಯಣ್ಣ ತಲೆ ಎತ್ತಲಿಲ್ಲ. ಸೌಟು ಬೋಗುಣಿಯಲ್ಲಿ ಇನ್ನೂ ಜೋರಾಗಿ ಆಡಿತು.

ಅಕ್ಕ ಬಗ್ಗಿ ನೋಡಿದಳು. ಆಕ್ಟೋಪಸ್ ತನ್ನ ಎಂಟು ತೋಳುಗಳನ್ನೂ ಮೈಗೆ ಸುತ್ತಿಕೊಂಡು ಬೋಗುಣಿಯ ಅಂಚಿಗೆ ಒತ್ತಿ ಕೂತಿತ್ತು. "ಅಯ್ಯೋ, ಪಾಪ ಕಣೋ. ಅದು ನಿನಗೇನು ಮಾಡ್ತು? ಸುಮ್ಮನೆ ಬಿಡೋ ಅದನ್ನ."

"ಸುಮ್ಮನೆ ಬಿಡಬೇಕಾ?" ಎಂದ ಮಸಿಯಣ್ಣ. ಆ ಧ್ವನಿ ಎಲ್ಲಿಂದ ಬಂತೆಂದು ಅವನೇ ತಿರುಗಿ ನೋಡುವ ಹಾಗಿತ್ತು. "ಬಿಡ್ತೀನಿ. ಎಲ್ಲರನ್ನೂ ಬಿಡ್ತೀನಿ. ಹೋಗೋರೆಲ್ಲ ಹೋಗಲಿ! ನಾನೊಬ್ಬ ಇಲ್ಲಿ ಕಟ್ಟಿ ಕಟ್ಟಿ ಕಳಿಸೋಕೆ ಇದೀನಲ್ಲ! ಈ ವಯಸ್ಸಲ್ಲಿ ನಿನಗೆ ಮದುವೆ ಬೇಕಿತ್ತಾ? ಪ್ಯಾಂಟು ಹೊಲಿಸ್ಕೊಳ್ಳೋಕೆ ಬಂದೋನ ಜೊತೆ ಸಮುದ್ರ ದಾಟ್ತೀಯಲ್ಲ, ಸಂಜೆ ನಾನು ಬಂದು ಬಾಗಿಲು ಬಡಿದರೆ ಯಾರು ತೆಗೀತಾರೆ? ಹೇಳು! ಕತ್ತರಿ ಇಟ್ಟುಕೋ ಅಂತೀಯ! ಕತ್ತರೀನಾ ನನಗೆ ಬೇಕಾಗಿರೋದು?"

ಮೇಜಿಗೆ ಮುಷ್ಟಿ ಗುದ್ದಿದ. ಬೋಗುಣಿ ನಡುಗಿತು. ಆಕ್ಟೋಪಸ್ ಒಮ್ಮೆಗೇ ಇಟ್ಟಿಗೆಯ ಹಾಗೆ ಕೆಂಪಾಗಿ, ನೀರನ್ನೆಲ್ಲ ಕಪ್ಪು ಮಾಡಿತು. ಒಂದಿಷ್ಟು ಹಾರಿ ಅವನ ಅಂಗಿಗೂ ಬಿತ್ತು.

ರಬ್ಬರಕ್ಕನ ಬೆರಳಿನಿಂದ ರಬ್ಬರ್ ಬ್ಯಾಂಡ್ ಜಾರಿ ಎಲ್ಲೋ ಹೋಯಿತು. ಕಾಂಪೌಂಡರ್ ಸೂಟ್‌ಕೇಸುಗಳನ್ನು ಮೆಲ್ಲಗೆ ನೆಲಕ್ಕಿಟ್ಟ, ರೋಗಿಗೆ ಸೂಜಿ ಚುಚ್ಚಿದ ಮೇಲೆ ಟ್ರೇ ಇಡುವ ಹಾಗೆ.

ಮಸಿಯಣ್ಣನ ಕೈಗಳಿಗೆ ಅವನಿಗಿಂತ ಹೆಚ್ಚು ತಿಳಿವಳಿಕೆ ಇತ್ತು. ಅವು ತಾವಾಗಿ ಕಪ್ಪುನೀರು ಚೆಲ್ಲಿ ಹೊಸ ಉಪ್ಪುನೀರಿನ ಬಕೆಟ್ಟನ್ನು ಎತ್ತಿದವು. ನೀರು ತುಳುಕಿತು. ಅಕ್ಕ ಕೋಟಿನ ತೋಳು ಮಡಚಿ ಬಕೆಟ್ಟಿನ ಇನ್ನೊಂದು ಪಕ್ಕ ಹಿಡಿದಳು. ಇಬ್ಬರೂ ಸೇರಿ ಸುರಿದರು.

"ನಿನಗೆ ಸಿಟ್ಟಿಲ್ವಾ ಅಕ್ಕ?" ಎಂದ ಅವನು ಸುರಿಯುತ್ತಲೇ. "ನಿಜ ಹೇಳು. ನನ್ನ ಮೇಲೆ? ಇಷ್ಟು ದಿನದ್ದು?"

"ಸಿಟ್ಟು ಕೂಡಿಡೋಕೆ ಜಾಗ ಎಲ್ಲಿತ್ತೋ ಪುಟ್ಟ? ಮನೆ ತುಂಬ ನಿನ್ನ ಥರ್ಮಕೋಲು."

ರಬ್ಬರಕ್ಕ ಮೊದಲು ನಕ್ಕಳು. ಆಮೇಲೆ ಅಕ್ಕನೂ. ಮಸಿಯಣ್ಣ ನಗಲು ಹೋಗಿ, ಬೇರೇನೋ ಆಗಿಬಿಡುತ್ತದೆಂದು ಮೂಗು ಒರೆಸಿಕೊಂಡು ಬೋಗುಣಿಗೆ ಬಗ್ಗಿದ. ಎರಡನೇ ಸಲ ಮಸಿ ತೆಳ್ಳಗೆ ಬಂತು. ಮೂರನೇ ಸಲಕ್ಕೆ ಹೊಗೆಯೂ ಇಲ್ಲ. ಚೀಲ ಕಟ್ಟಿದರು, ಪೆಟ್ಟಿಗೆ ಮುಚ್ಚಿದರು. ಕಾಂಪೌಂಡರ್ ಯಾರೂ ಹೇಳದೆ ಬಂದು ಅಂಟುಟೇಪಿನ ತುದಿಯನ್ನು ಉಗುರಿನಿಂದ ಬಿಡಿಸಿಕೊಟ್ಟ. ಜೀವನವಿಡೀ ಬ್ಯಾಂಡೇಜು ಸುತ್ತಿದವನ ಕೈ. ಟೇಪು ಒಂದು ಸುಕ್ಕಿಲ್ಲದೆ ಕೂತಿತು. ಮಸಿಯಣ್ಣ ಅದನ್ನು ಗಮನಿಸಿದ. ಮೆಚ್ಚಿದೆ ಎಂದು ಹೇಳುವಷ್ಟು ಖಾಲಿಯಾಗಿರಲಿಲ್ಲ ಇನ್ನೂ.

ಟೆಂಪೊದಲ್ಲೇ ಎಲ್ಲರೂ ಹೊರಟರು. ಮುಂದೆ ಡ್ರೈವರ್ ಪಕ್ಕ ಅಕ್ಕ, ಹಿಂದೆ ಪೆಟ್ಟಿಗೆಗಳ ನಡುವೆ ಭಾವ-ಭಾವಮೈದುನರು, ಮೊಣಕಾಲಿಗೆ ಮೊಣಕಾಲು ತಾಗಿಸಿಕೊಂಡು.

"ಇದು ನಮ್ಮ ಜೊತೇನೇ ಬರುತ್ತಾ?" ಎಂದು ಕಾಂಪೌಂಡರ್ ಆಕ್ಟೋಪಸ್ಸಿನ ಪೆಟ್ಟಿಗೆ ತೋರಿಸಿದ.

"ನಿಮ್ಮ ಕಾಲ ಕೆಳಗೇ ಇರುತ್ತೆ. ಗಲಾಟೆ ಮಾಡಲ್ಲ."

"ಹಾಗಾದ್ರೆ ಅಲ್ಲಿ ಪ್ರದರ್ಶನಾಲಯಕ್ಕೆ ಹೋಗಿ ನೋಡ್ಕೊಂಡು ಬರ್ತೀವಿ, ಹೇಗಿದೆ ಅಂತ. ನೀವು ಬಂದಾಗ ಜೊತೇಲೇ ಹೋಗೋಣ."

"ನಾನೆಲ್ಲಿ ಬರ್ತೀನಿ" ಎಂದ ಮಸಿಯಣ್ಣ. "ವಿಮಾನ ನಮಗಲ್ಲ ಬಿಡಿ. ಕಳಿಸೋದಷ್ಟೇ ನಮ್ಮ ಕೆಲಸ. ನಾನು ಹತ್ತಲ್ಲ."

ಮುಂದಿನ ಸೀಟಿನಲ್ಲಿ ಅಕ್ಕನ ತಲೆ ತಿರುಗಲಿಲ್ಲ. ರಸ್ತೆ ಎರಡಾಗಿ ಒಡೆಯುವಲ್ಲಿ ಡ್ರೈವರ್ ಅಭ್ಯಾಸದಂತೆ ಸರಕು ಗೇಟಿನ ಕಡೆ ಹೊರಳಿಸಿದ. ಮಸಿಯಣ್ಣ ತಗಡು ಬಡಿದು, ಮೊದಲು ಆ ಕಡೆಗೆ ಎಂದು ಕೂಗಿದ. ಪ್ರಯಾಣಿಕರ ಕಡೆಯನ್ನು ಅವನು ಇಷ್ಟು ಹತ್ತಿರದಿಂದ ಕಂಡದ್ದು ಅದೇ ಮೊದಲು. ಗಾಜಿನ ಎತ್ತರದ ಗೋಡೆ, ತಾನಾಗಿ ತೆರೆಯುವ ಬಾಗಿಲು, ಬಾಗಿಲಲ್ಲಿ ಟಿಕೆಟ್ ನೋಡುವ ಕಾವಲುಗಾರ. ಒಳಗೆ ಜನ ಅತ್ತಿಂದಿತ್ತ ಮೌನವಾಗಿ ತೇಲುತ್ತಿದ್ದರು.

ಅಕ್ಕ ಇಳಿದಳು. ಕೋಟು ಸರಿಮಾಡಿಕೊಂಡಳು. ಅವನ ಎದುರು ಬಂದು ನಿಂತಳು.

"ಏನಂದೆ ಟೆಂಪೊದಲ್ಲಿ?"

"ಏನಂದೆ?"

"ಹತ್ತಲ್ಲ ಅಂದೆಯಲ್ಲ. ಬರಲ್ಲ ಅಂದೆಯಲ್ಲ. ಇನ್ನೊಂದು ಸಲ ಹೇಳು ನೋಡೋಣ!"

"ಅಲ್ಲಕ್ಕ, ನಾನ್ಯಾಕೆ ಮಧ್ಯ..."

"ಯಾವ ಬಾಯಲ್ಲಿ ಹೇಳ್ತೀಯೋ ಅದನ್ನ?" ಸಾಲಿನಲ್ಲಿದ್ದವರೆಲ್ಲ ತಿರುಗಿದರು. ಅಕ್ಕನ ಮುಖ ಕಿವಿಯ ತುದಿಯವರೆಗೂ ಕೆಂಪೇರಿತ್ತು. "ಹೋದವಳು ಹೋದಳು ಅಂತ ಕೈ ತೊಳ್ಕೊಂಡು ಕೂತ್ಕೋತೀಯಾ? ಅಲ್ಲಿನ ಮನೇಲಿ ಒಂದು ಕೋಣೆ ಜಾಸ್ತಿ ಇರೋದೇ ಬೇಕು ಅಂತ ಇವರನ್ನ ಕಾಡಿ ಕಾಡಿ ಮನೆ ಹುಡುಕಿಸಿದೀನಿ. ಯಾರಿಗೆ ಅಂದ್ಕೊಂಡೆ? ನಿನ್ನ ಮೀನಿಗಾ? ಸಹಿ ಹಾಕೋ ಕಡೆ ಬರಲಿಲ್ಲ, ಸುಮ್ಮನಿದ್ದೆ. ಕತ್ತರಿ ಹಾಳು ಮಾಡಿದೆ, ಸುಮ್ಮನಿದ್ದೆ. ಇದಕ್ಕೆ ಸುಮ್ಮನಿರಲ್ಲ! ನನ್ನನ್ನ ಏನು ಪಾರ್ಸಲ್ ಅಂದ್ಕೊಂಡಿದೀಯಾ, ಕಳಿಸಿದ್ರೆ ಮುಗೀತು ಅಂತ? ಕತ್ತೆ! ಅಂಗಿ ನೋಡು, ಅಂಗಿ!"

"ಅಮ್ಮಾ, ಸ್ವಲ್ಪ ಮುಂದೆ ಹೋಗಿ" ಎಂದ ಕಾವಲುಗಾರ.

"ನೀವು ಸುಮ್ಮನಿರಿ! ನನ್ನ ತಮ್ಮನ ಜೊತೆ ಮಾತಾಡ್ತಿದೀನಿ."

ಕಾಂಪೌಂಡರ್ ಅವಳ ಮೊಣಕೈ ಹಿಡಿದು, "ಬಾ, ಬಾ, ಒಳಗೆ ಹೋಗಿ ಬೈಯುವಂತೆ" ಎಂದು ಮೆಲ್ಲಗೆ ಎಳೆದ. ಅವಳ ಸಿಟ್ಟನ್ನು ಮಸಿಯಣ್ಣ ಕಳೆದುಹೋದ ವರ್ಷಗಳಲ್ಲೆಲ್ಲ ತಡಕಾಡಿದ್ದ. ಅದು ಅಲ್ಲಿರಲಿಲ್ಲ. ಇನ್ನೂ ಬಂದಿರದ ದಿನಗಳಲ್ಲಿ, ಅವನು ಕಂಡಿರದ ಒಂದು ಕೋಣೆಯಲ್ಲಿ, ಹಾಸಿಗೆ ಹಾಸಿಕೊಂಡು ಕಾದಿತ್ತು.

ಹಿಂದಿನಿಂದ ಟೆಂಪೊ ಹಾರ್ನ್ ಹೊಡೆಯಿತು. ಗಾಜಿನ ಬಾಗಿಲು ಮುಚ್ಚಿತು. ಒಳಗೆ ಅಕ್ಕ ತಿರುಗಿ ನಿಂತು ಇನ್ನೂ ಬೈಯುತ್ತಿದ್ದಳು. ಧ್ವನಿ ಕೇಳದು, ಬಾಯಿ ಮಾತ್ರ ಆಡುತ್ತಿತ್ತು.

"ಬರ್ತೀನಿ" ಎಂದ ಅವನು.

ಅವಳು ಕಿವಿಯ ಹತ್ತಿರ ಕೈ ಹಿಡಿದು, ಏನು ಎಂದು ಹುಬ್ಬು ಹಾರಿಸಿದಳು.

"ಬರ್ತೀನಕ್ಕ!"

ಗಾಜು ದಪ್ಪಗಿತ್ತು. ಅವನು ತಲೆ ಆಡಿಸಿದ. ಅವಳಿಗೆ ನಂಬಿಕೆ ಬರಲಿಲ್ಲ. ಬೆರಳೆತ್ತಿ, ಇನ್ನೊಂದು ಸಲ ಎಂದು ತೋರಿಸಿದಳು. ಅವನು ಇನ್ನೂ ಜೋರಾಗಿ ಆಡಿಸಿದ. ಮತ್ತೊಂದು ಸಲ. ಮಸಿ ಹಾರಿದ ಅಂಗಿಯಲ್ಲಿ ನಿಂತು ಅವನು ಒಂದೇ ಸಮನೆ ತಲೆಯಾಡಿಸುತ್ತಿದ್ದರೆ, ನಡುವೆ ಬಾಗಿಲಲ್ಲಿದ್ದ ಕಾವಲುಗಾರ ಅದು ತನಗೇ ಇರಬೇಕೆಂದುಕೊಂಡು, ಮರ್ಯಾದೆಗೆ ತಾನೂ ಒಮ್ಮೆ ತಲೆಯಾಡಿಸಿದ.